‘ಚೆಕ್’ ಎಂಬ ಪದದೊಳಗೆ ಕೂತಿರುವ ರಾಜ

ಅಂಗಿಯ ಮೇಲೆ ಚೆಕ್ಸ್, ಬ್ಯಾಂಕಿನಲ್ಲಿ ಚೆಕ್ಕು, ಹಳ್ಳಕ್ಕೆ ಅಡ್ಡಲಾಗಿ ಚೆಕ್ ಡ್ಯಾಮು, ಗಡಿಯಲ್ಲಿ ಚೆಕ್‌ಪೋಸ್ಟು, ಚದುರಂಗದಲ್ಲಿ ಚೆಕ್‌ಮೇಟು. ‘ಒಂದ್ಸಲ ಚೆಕ್ ಮಾಡ್ಬಿಡು’ ಅನ್ನುವುದಂತೂ ಈಗ ಕನ್ನಡದ್ದೇ ಮಾತು ಎನ್ನುವಷ್ಟು ನಾಲಿಗೆಗೆ ಒಗ್ಗಿಹೋಗಿದೆ. ಆದರೆ ಚೌಕಳಿ ಬಟ್ಟೆಗೂ ನೀರಿಗೆ ಅಡ್ಡ ಹಾಕಿದ ಕಟ್ಟೆಗೂ ಹಣ ಕೊಡಿಸುವ ಕಾಗದಕ್ಕೂ ಎತ್ತಣ ಸಂಬಂಧ? ಬೇರೆಬೇರೆ ಪದಗಳು ಆಕಸ್ಮಿಕವಾಗಿ ಒಂದೇ ಥರ ಕೇಳಿಸುತ್ತಿವೆ ಎಂದುಕೊಂಡರೆ ತಪ್ಪು. ಇವೆಲ್ಲ ಒಂದೇ ಬೇರಿನಿಂದ ಒಡೆದ ಕವಲುಗಳು. ಆ ಬೇರು ಪಾರಸಿಯ ‘ಶಾಹ್’, ಎಂದರೆ ರಾಜ.

ರಾಜನಿಂದ ಬ್ಯಾಂಕಿನ ಕಾಗದದವರೆಗೆ ಪದ ನಡೆದು ಬಂದದ್ದು ಎರಡು ದಾರಿಗಳಲ್ಲಿ. ಒಂದು, ಚದುರಂಗ ಆಡುವವರ ಕೂಗಿನ ದಾರಿ. ಇನ್ನೊಂದು, ಚದುರಂಗದ ಮಣೆಯ ದಾರಿ. ತಡೆ, ಹಿಡಿತ, ಪರಿಶೀಲನೆ, ಚೀಟಿ ಎಂಬ ಅರ್ಥಗಳು ಕೂಗಿನಿಂದ ಬಂದವು. ಚೌಕಳಿ ಮತ್ತು ಖಜಾನೆ ಮಣೆಯಿಂದ. ಕೊನೆಗೆ ಬ್ಯಾಂಕಿನ ಚೆಕ್ಕಿನಲ್ಲಿ ಎರಡೂ ದಾರಿ ಕೂಡುತ್ತವೆ.

ಮೊದಲು ಬೇರು

‘ಶಾಹ್’ ಎಂಬುದು ಸವೆದು ಸವೆದು ಉಳಿದ ತುಂಡು. ಇರಾನಿನ ಬೇಹಿಸ್ತೂನ್ ಬಂಡೆಯ ಮೇಲೆ ಕ್ರಿ.ಪೂ. 520ರ ಆಸುಪಾಸಿನಲ್ಲಿ ದೊರೆ ದಾರಯವಉಶ್ (ಇಂಗ್ಲಿಷಿನವರ ಡೇರಿಯಸ್) ಕೆತ್ತಿಸಿದ ಶಾಸನದಲ್ಲಿ ರಾಜ ಎಂಬುದಕ್ಕೆ ಇರುವ ಪದ ‘ಖ್ಶಾಯಥಿಯ’. ತನ್ನನ್ನು ಆತ ‘ರಾಜರ ರಾಜ’ ಎಂದೂ ಕರೆದುಕೊಂಡಿದ್ದಾನೆ. ಆ ಬಿರುದೇ ಕಾಲಾಂತರದಲ್ಲಿ ‘ಶಾಹನ್‌ಶಾಹ್’ ಆಯಿತು. ಆಳುವುದು, ಅಧಿಕಾರ ಹೊಂದುವುದು ಎಂಬ ಇದೇ ಧಾತು ಸಂಸ್ಕೃತದಲ್ಲಿ ‘ಕ್ಷ’ಕಾರದಿಂದ ಕಾಣಿಸಿಕೊಳ್ಳುತ್ತದೆ: ಕ್ಷತ್ರ, ಕ್ಷತ್ರಿಯ. ಹಳೆಯ ಪಾರಸಿಯಲ್ಲಿ ‘ಕ್ಷತ್ರ’ಕ್ಕೆ ಸಮನಾದ, ರಾಜ್ಯ ಎಂಬ ಅರ್ಥದ ಪದ ಮುಂದೆ ‘ಶಹ್ರ್’ ಆಗಿ, ನಗರ ಎಂಬ ಅರ್ಥ ಪಡೆಯಿತು. ಕನ್ನಡದ ‘ಶಹರ’ ಅಲ್ಲಿಂದ ಬಂದದ್ದು. ಹಾಗಾಗಿ ಕ್ಷತ್ರಿಯ, ಶಹರ, ಬಾದಶಹ ಈ ಮೂರೂ ಇಂಗ್ಲಿಷಿನ ‘ಚೆಕ್’ಗೆ ದಾಯಾದಿಗಳು.

ಚದುರಂಗ ಭಾರತದಲ್ಲಿ ಹುಟ್ಟಿ ಆರು-ಏಳನೇ ಶತಮಾನದ ಹೊತ್ತಿಗೆ ಪಾರಸಿಕರ ಕೈ ಸೇರಿತ್ತು. ಆಟದ ಹೆಸರನ್ನು ಅವರು ಹೆಚ್ಚು ಬದಲಿಸಲಿಲ್ಲ: ಚತುರಂಗ ‘ಚತ್ರಂಗ್’ ಆಯಿತು. ರಾಜ ಎಂಬ ಕಾಯಿಗೆ ಮಾತ್ರ ತಮ್ಮ ‘ಶಾಹ್’ ಹೆಸರನ್ನೇ ಇಟ್ಟರು. ಅರಬ್ಬರು ಪಾರಸಿಕರಿಂದ ಆಟ ಕಲಿತಾಗ, ಅರಬ್ಬಿಯಲ್ಲಿ ಚ ಮತ್ತು ಗ ಇಲ್ಲದ ಕಾರಣ, ಅದು ‘ಶತ್ರಂಜ್’ ಆಯಿತು. ‘ಶಾಹ್’ಗೆ ಆ ತೊಡಕಿರಲಿಲ್ಲ, ಹಾಗೇ ಉಳಿಯಿತು.

‘ಶಾಹ್’ ‘ಚೆಕ್’ ಆದ ಬಗೆ

ಕೇಳಲು ದೂರದ ಪದಗಳು. ಆದರೆ ಒಂದೊಂದೇ ಹೆಜ್ಜೆ ಬಿಡಿಸಿದರೆ ಬಲವಂತದ ಜಿಗಿತ ಎಲ್ಲೂ ಇಲ್ಲ.

ಎದುರಾಳಿಯ ರಾಜನ ಮೇಲೆ ದಾಳಿಯಾದಾಗ ‘ಶಾಹ್!’ ಎಂದು ಕೂಗಿ ಎಚ್ಚರಿಸುವುದು ರೂಢಿ. ನಿನ್ನ ರಾಜನನ್ನು ನೋಡಿಕೋ ಎಂದು ಅರ್ಥ. ಅರಬ್ಬರ ಮೂಲಕ ಆಟ ಯೂರೋಪಿಗೆ ಹೋದಾಗ ಈ ಕೂಗೂ ಹೋಯಿತು. ಲ್ಯಾಟಿನಿನಲ್ಲಿ ‘ಶ’ ಇರಲಿಲ್ಲ, ಕೊನೆಯ ‘ಹ್’ ಕೂಡ ಅವರ ಬಾಯಿಗೆ ಹತ್ತುವಂಥದ್ದಲ್ಲ. ‘ಶ’ ಇದ್ದಲ್ಲಿ ‘ಸ್ಕ’ ಬಂತು, ‘ಹ್’ ಇದ್ದಲ್ಲಿ ‘ಕ್’ ಬಂತು, ಲ್ಯಾಟಿನ್ ಪ್ರತ್ಯಯ ಸೇರಿತು: ‘ಸ್ಕಾಕಸ್’. ಇಟಾಲಿಯನ್ನಿನಲ್ಲಿ ಇಂದಿಗೂ ‘ಸ್ಕಾಕ್ಕೊ’.

ಮುಂದಿನ ಹೆಜ್ಜೆ ಫ್ರೆಂಚಿನದು. ಪದದ ಮೊದಲಿಗೇ ಸಕಾರದ ಒತ್ತಕ್ಷರ ಬಂದರೆ ಹಳೆಯ ಫ್ರೆಂಚರು ಮುಂದೊಂದು ‘ಎ’ ಸೇರಿಸಿಕೊಳ್ಳುತ್ತಿದ್ದರು. ಆಡುಮಾತಿನಲ್ಲಿ ಸ್ಕೂಲು ‘ಇಸ್ಕೂಲು’ ಆಗುತ್ತದಲ್ಲ, ಥೇಟ್ ಅದೇ ಪ್ರಕ್ರಿಯೆ. ಜೊತೆಗೆ ಎಷ್ಟೋ ಲ್ಯಾಟಿನ್ ಪದಗಳ ‘ಕ’ ಅವರ ಬಾಯಲ್ಲಿ ‘ಚ’ ಆಗುತ್ತಿತ್ತು. ಹೀಗೆ ‘ಎಸ್ಚೆಕ್’ ಬಂತು. ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಫ್ರೆಂಚ್ ಅಲ್ಲಿ ಬೇರೂರಿದ ಮೇಲೆ ಇಂಗ್ಲಿಷರು ಮುಂದಿನ ‘ಎಸ್’ ಉದುರಿಸಿದರು. ಉಳಿದದ್ದು ‘ಚೆಕ್’. 1300ರ ಆಸುಪಾಸಿಗೆ ಇಂಗ್ಲಿಷಿನಲ್ಲಿ ಇದು ಚದುರಂಗದ ಕೂಗಾಗಿ ಕಾಣಿಸಿಕೊಳ್ಳುತ್ತದೆ.

ಇಲ್ಲೇ ಇನ್ನೊಂದು ಪದವೂ ಸಿಗುತ್ತದೆ. ‘ಎಸ್ಚೆಕ್’ ಎಂಬುದರ ಬಹುವಚನದಲ್ಲಿ ‘ಕ್’ ಜಾರಿಹೋಗಿ ‘ಎಸ್ಚೆಸ್’ ಆಯಿತು; ಅದರ ‘ಎಸ್’ ಉದುರಿದಾಗ ‘ಚೆಸ್’. ಎಂದರೆ ಆಟದ ಹೆಸರಾದ ಚೆಸ್ ಮತ್ತು ಕೂಗಾದ ಚೆಕ್ ಮೂಲದಲ್ಲಿ ಒಂದೇ ಪದದ ಬಹುವಚನ ಮತ್ತು ಏಕವಚನ. ಹಿಂದಿಯವರು ಈ ಸುತ್ತು ಹೊಡೆಯಲಿಲ್ಲ, ಪಾರಸಿಯಿಂದ ನೇರವಾಗಿ ತೆಗೆದುಕೊಂಡರು. ಅದಕ್ಕೇ ಅಲ್ಲಿ ಇಂದಿಗೂ ‘ಶಹ್ ಔರ್ ಮಾತ್’.

ಆ ‘ಮಾತ್’ ಬಗ್ಗೆ ಒಂದು ಮಾತು. ಚೆಕ್‌ಮೇಟ್ ಎಂದರೆ ‘ರಾಜ ಸತ್ತ’ ಎಂಬ ವಿವರಣೆ ಎಲ್ಲ ಕಡೆ ಸಿಗುತ್ತದೆ. ಅರಬ್ಬಿಯಲ್ಲಿ ‘ಮಾತ’ ಎಂದರೆ ಸತ್ತ ಎಂಬುದು ನಿಜವೇ. ಆದರೆ ಪಾರಸಿಯಲ್ಲಿ ‘ಮಾತ್’ ಎಂದರೆ ದಿಕ್ಕೆಟ್ಟ, ದಾರಿಗಾಣದ ಎಂಬ ಅರ್ಥ ಇದೆ. ಆಟಕ್ಕೆ ಹೊಂದುವುದು ಇದೇ. ಚದುರಂಗದಲ್ಲಿ ರಾಜನನ್ನು ಯಾರೂ ಕೊಲ್ಲುವುದಿಲ್ಲ, ಮಣೆಯಿಂದ ಎತ್ತುವುದೂ ಇಲ್ಲ. ಅವನಿಗೆ ಹೋಗಲು ಮನೆ ಇಲ್ಲದಂತೆ ಮಾಡಿದರೆ ಆಟ ಮುಗಿಯುತ್ತದೆ. ಗೆಳೆಯ, ಸಂಗಾತಿ ಎಂಬ ಅರ್ಥದ ‘ಮೇಟ್’ ಜರ್ಮಾನಿಕ್ ಮೂಲದ್ದು. ಇದಕ್ಕೆ ಅದರ ನಂಟಿಲ್ಲ.

ಕೂಗಿನಿಂದ ತಡೆ

ರಾಜ ಎಂಬ ಪದ ‘ತಡೆ’ ಎಂಬ ಅರ್ಥಕ್ಕೆ ಹೊರಳಿದ್ದು ಹೇಗೆ? ಇಡೀ ಕಥೆಯ ಕೀಲು ಇಲ್ಲಿದೆ. ಅದನ್ನು ಚದುರಂಗದ ಮಣೆಯ ಮೇಲೇ ನೋಡಬೇಕು.

ಇನ್ನೊಂದೇ ನಡೆ ಸಿಕ್ಕರೆ ನಿಮ್ಮ ರಾಣಿ ಎದುರಾಳಿಯನ್ನು ಮುಗಿಸಿಬಿಡುತ್ತಾಳೆ ಎಂದುಕೊಳ್ಳಿ. ಅಷ್ಟರಲ್ಲಿ ಅವನ ಆನೆ ನಿಮ್ಮ ರಾಜನಿಗೆ ನೇರ ಸಾಲಿಗೆ ಬಂದು ನಿಂತಿತು: ಚೆಕ್. ಈಗ ನಿಮಗಿರುವುದು ಮೂರೇ ದಾರಿ. ರಾಜನನ್ನು ಬೇರೆ ಮನೆಗೆ ಸರಿಸಬೇಕು, ನಡುವೆ ಒಂದು ಕಾಯಿ ಅಡ್ಡ ಇಡಬೇಕು, ಇಲ್ಲವೇ ಆ ಆನೆಯನ್ನೇ ಹೊಡೆಯಬೇಕು. ನಿಮ್ಮ ರಾಣಿಯ ದಾಳಿ ಎಷ್ಟೇ ಮೊನಚಾಗಿದ್ದರೂ ಈ ನಡೆಯಲ್ಲಿ ಅದು ನಡೆಯದು. ಹೂಡಿದ್ದ ಹೂಟವೆಲ್ಲ ನಿಂತಲ್ಲೇ ನಿಲ್ಲುತ್ತದೆ. ಆಡುವವರ ಅನುಭವದಲ್ಲಿ ಚೆಕ್ ಎಂದರೆ ‘ರಾಜ’ ಅಲ್ಲವೇ ಅಲ್ಲ, ‘ಮುಂದುವರಿಯುವಂತಿಲ್ಲ, ನಿಲ್ಲು’ ಎಂದು.

14ನೇ ಶತಮಾನ ಮುಗಿಯುವಷ್ಟರಲ್ಲೇ ಪದ ಆಟದ ಹೊರಗೆ ಬಂದಿತ್ತು. ಹಠಾತ್ ತಡೆ, ಹಿನ್ನಡೆ, ಅಡ್ಡಿ ಎಂಬ ಅರ್ಥಗಳು ಬಂದವು. ಓಡುವ ಕುದುರೆಯ ಲಗಾಮು ಎಳೆದರೂ ಚೆಕ್, ನುಗ್ಗುವ ಸೈನ್ಯವನ್ನು ನಿಲ್ಲಿಸಿದರೂ ಚೆಕ್. ಫ್ರೆಂಚಿನವರು ಇನ್ನೂ ಒಂದು ಹೆಜ್ಜೆ ಹೋದರು: ಅವರ ‘ಎಶೆಕ್’ಗೆ ಇಂದು ಸೋಲು, ವೈಫಲ್ಯ ಎಂದೇ ಅರ್ಥ.

ಪರಿಶೀಲನೆ ಎಂಬ ಅರ್ಥ, ಎಂದರೆ ನಾವು ಅತಿ ಹೆಚ್ಚು ಬಳಸುವ ಅರ್ಥ, ಬಹಳ ತಡವಾಗಿ ಬಂದದ್ದು; ಅದು ನೆಲೆಗೊಂಡದ್ದು 17ನೇ ಶತಮಾನದ ಕೊನೆಯ ಹೊತ್ತಿಗೆ. ತಡೆಯುವುದು ಮೊದಲು ಹಿಡಿತದಲ್ಲಿಡುವುದಾಯಿತು. ಲೆಕ್ಕವನ್ನು ಹಿಡಿತದಲ್ಲಿಡುವುದು ಹೇಗೆ? ಇನ್ನೊಂದು ಲೆಕ್ಕದ ಜೊತೆ ತಾಳೆ ನೋಡಬೇಕು. ತಾಳೆ ಬೀಳದ ಕಡೆ ತಪ್ಪೋ ಮೋಸವೋ ಸಿಕ್ಕಿಬೀಳುತ್ತದೆ. ಹೀಗೆ ‘ತಪ್ಪನ್ನು ತಡೆಯಲು ತಾಳೆ ನೋಡುವುದು’ ಎಂಬಲ್ಲಿಂದ ಬರಿಯ ‘ತಾಳೆ ನೋಡುವುದು’ ಉಳಿಯಿತು. ಚೆಕ್‌ಪೋಸ್ಟಿನಲ್ಲಿ ಈ ಎರಡು ಅರ್ಥಗಳೂ ಇನ್ನೂ ಒಟ್ಟಿಗೇ ಇವೆ: ಗಾಡಿಯನ್ನು ತಡೆದು ನಿಲ್ಲಿಸದೆ ಕಾಗದಪತ್ರ ನೋಡಲಾಗುವುದಿಲ್ಲ.

ಮಣೆಯ ದಾರಿ: ಖಜಾನೆಯ ಮೇಜು

ಎರಡನೆಯ ದಾರಿ ಹಿಡಿಯಲು 12ನೇ ಶತಮಾನದ ಇಂಗ್ಲೆಂಡಿಗೆ ಹೋಗಬೇಕು. ಚದುರಂಗದ ಮಣೆಗೆ ಮಧ್ಯಯುಗದ ಲ್ಯಾಟಿನಿನಲ್ಲಿ ‘ಸ್ಕಾಕಾರಿಯಂ’ ಎನ್ನುತ್ತಿದ್ದರು, ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕಿಯೆ’. ಇಂಗ್ಲೆಂಡಿನ ರಾಜರ ಲೆಕ್ಕಪತ್ರದ ಕಚೇರಿಗೂ ಇದೇ ಹೆಸರು ಬಂತು. ಅದು ಇಂದಿನ ‘ಎಕ್ಸ್‌ಚೆಕರ್’. ಬ್ರಿಟನ್ನಿನ ಹಣಕಾಸು ಮಂತ್ರಿಯನ್ನು ಈಗಲೂ ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್ ಎನ್ನುತ್ತಾರೆ. ಮೊದಲಿನ ‘ಎಸ್’ ಲ್ಯಾಟಿನಿನ ‘ಎಕ್ಸ್’ ಇರಬೇಕೆಂದು ತಪ್ಪಾಗಿ ತಿಳಿದು ಆಮೇಲೆ ತಿದ್ದಿದ್ದರಿಂದ ‘ಎಕ್ಸ್’ ಸೇರಿತು. ವಿನಿಮಯ ಎಂಬ ಅರ್ಥದ ಎಕ್ಸ್‌ಚೇಂಜಿಗೂ ಇದಕ್ಕೂ ಸಂಬಂಧವಿಲ್ಲ.

ಆ ಕಚೇರಿಗೆ ಮಣೆಯ ಹೆಸರು ಯಾಕೆ ಬಂತೆಂಬುದನ್ನು ಅಲ್ಲಿನ ಖಜಾಂಚಿ ರಿಚರ್ಡ್ ಫಿಟ್ಸ್‌ನೀಲ್ 1170ರ ದಶಕದ ಕೊನೆಯಲ್ಲಿ ಬರೆಯತೊಡಗಿದ ‘ಡಯಲೋಗಸ್ ಡೆ ಸ್ಕಾಕಾರಿಯೊ’ ಎಂಬ ಕೃತಿಯೇ ಹೇಳುತ್ತದೆ. ಸುಮಾರು ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜು. ಇಟ್ಟದ್ದು ಕೆಳಗೆ ಬೀಳದಂತೆ ಸುತ್ತಲೂ ನಾಲ್ಕು ಬೆರಳು ಎತ್ತರದ ಅಂಚು. ಮೇಲೆ ಕಪ್ಪು ಬಟ್ಟೆ, ಅದರ ಮೇಲೆ ಒಂದಡಿಗೋ ಒಂದು ಗೇಣಿಗೋ ಒಂದೊಂದು ಗೆರೆ. ಒಂದು ಕಡೆ ಖಜಾಂಚಿ, ಎದುರಿಗೆ ತನ್ನ ಕೌಂಟಿಯ, ಎಂದರೆ ಜಿಲ್ಲೆಯ, ಲೆಕ್ಕ ಒಪ್ಪಿಸಬೇಕಾದ ಅಧಿಕಾರಿ ಶೆರಿಫ್. ಇದು ಥೇಟ್ ಚದುರಂಗದ ಕಾಳಗ ಎನ್ನುತ್ತಾನೆ ಫಿಟ್ಸ್‌ನೀಲ್.

ಗೆರೆಗಳ ನಡುವಿನ ಒಂದೊಂದು ಪಟ್ಟಿಗೂ ಒಂದೊಂದು ಬೆಲೆ. ಬಲದ ಕೊನೆಯಲ್ಲಿ ಪೆನ್ನಿ, ಅದರ ಎಡಕ್ಕೆ ಷಿಲ್ಲಿಂಗ್, ಆಮೇಲೆ ಪೌಂಡ್, ಇಪ್ಪತ್ತು ಪೌಂಡ್, ನೂರು, ಸಾವಿರ, ಹತ್ತು ಸಾವಿರ. ಆಗ 12 ಪೆನ್ನಿಗೆ ಒಂದು ಷಿಲ್ಲಿಂಗ್, 20 ಷಿಲ್ಲಿಂಗಿಗೆ ಒಂದು ಪೌಂಡ್. ಶೆರಿಫ್ ಕೊಡಬೇಕಾದ್ದು ಒಂದು ಸಾಲಿನಲ್ಲಿ, ಕೊಟ್ಟದ್ದು ಅದರ ಕೆಳಗಿನ ಸಾಲಿನಲ್ಲಿ, ಎರಡನ್ನೂ ಬಿಲ್ಲೆಗಳಿಂದ ತೋರಿಸಬೇಕು.

ಒಂದು ಲೆಕ್ಕ ಇಟ್ಟು ನೋಡೋಣ. ಕೊಡಬೇಕಾದ್ದು 127 ಪೌಂಡ್ 13 ಷಿಲ್ಲಿಂಗ್ 4 ಪೆನ್ನಿ: ನೂರರ ಪಟ್ಟಿಯಲ್ಲಿ 1 ಬಿಲ್ಲೆ, ಇಪ್ಪತ್ತರಲ್ಲಿ 1, ಪೌಂಡಿನಲ್ಲಿ 7, ಷಿಲ್ಲಿಂಗಿನಲ್ಲಿ 13, ಪೆನ್ನಿಯಲ್ಲಿ 4. ಕೊಟ್ಟದ್ದು 85 ಪೌಂಡ್ 18 ಷಿಲ್ಲಿಂಗ್: ಇಪ್ಪತ್ತರಲ್ಲಿ 4, ಪೌಂಡಿನಲ್ಲಿ 5, ಷಿಲ್ಲಿಂಗಿನಲ್ಲಿ 18. ಈಗ ಬಲದಿಂದ ಕಳೆಯುತ್ತ ಬನ್ನಿ. ಪೆನ್ನಿ 4 ಹಾಗೇ ಉಳಿಯಿತು. 13 ಷಿಲ್ಲಿಂಗಿನಲ್ಲಿ 18 ಹೋಗದು. ಪೌಂಡಿನ ಒಂದು ಬಿಲ್ಲೆ ಎತ್ತಿ ಷಿಲ್ಲಿಂಗಿಗೆ 20 ಬಿಲ್ಲೆ ಇಟ್ಟರೆ 33, ಅದರಲ್ಲಿ 18 ಹೋದರೆ 15. ಪೌಂಡಿನಲ್ಲಿ ಉಳಿದ 6ರಲ್ಲಿ 5 ಹೋದರೆ 1. ಇಪ್ಪತ್ತರಲ್ಲಿ ಇರುವುದು 1, ಹೋಗಬೇಕಾದ್ದು 4. ನೂರರ ಬಿಲ್ಲೆಯನ್ನು ಎತ್ತಿ ಇಪ್ಪತ್ತಕ್ಕೆ 5 ಇಟ್ಟರೆ 6, ಅದರಲ್ಲಿ 4 ಹೋದರೆ 2. ಬಾಕಿ 41 ಪೌಂಡ್ 15 ಷಿಲ್ಲಿಂಗ್ 4 ಪೆನ್ನಿ.

ತಪ್ಪು ನುಸುಳುವುದು ಈ ಕಡ ತೆಗೆದುಕೊಳ್ಳುವ ಹೆಜ್ಜೆಯಲ್ಲೇ. ಒಂದು ಕಡೆ 12, ಒಂದು ಕಡೆ 20, ಇನ್ನೊಂದು ಕಡೆ 5. ಎಲ್ಲ ಕಡೆ 10 ಎಂದುಕೊಂಡರೆ ಲೆಕ್ಕ ಕೆಟ್ಟಿತು. ಆದರೂ ಈ ಮೇಜು ಅಂದಿಗೆ ದೊಡ್ಡ ಅನುಕೂಲ. ಬರಹದಲ್ಲಿ ಇದ್ದದ್ದು ರೋಮನ್ ಅಂಕಿಗಳು, ಅವುಗಳಲ್ಲಿ ಸೊನ್ನೆ ಇಲ್ಲ, ಸ್ಥಾನಬೆಲೆ ಇಲ್ಲ. ಬಿಲ್ಲೆ ಇಲ್ಲದ ಖಾಲಿ ಪಟ್ಟಿಯೇ ಇಲ್ಲಿ ಸೊನ್ನೆಯ ಕೆಲಸ ಮಾಡುತ್ತದೆ. ಅಕ್ಷರ ಬಾರದ ಶೆರಿಫನಿಗೂ ಎದುರಿಗೆ ನಡೆಯುವ ಲೆಕ್ಕ ಕಣ್ಣಿಗೆ ಕಾಣುತ್ತದೆ.

ಚೌಕಳಿಗೆ ‘ಚೆಕ್’ ಎಂಬ ಹೆಸರು ಬಂದದ್ದೂ ಮಣೆಯಿಂದಲೇ. ಮಣೆಯಂಥ ನಮೂನೆ ‘ಚೆಕರ್’, ಅದನ್ನು ಮೊಟಕು ಮಾಡಿದರೆ ‘ಚೆಕ್’. 15ನೇ ಶತಮಾನದ ಹೊತ್ತಿಗೆ ಬಟ್ಟೆಗೆ ಈ ಪದ ಅಂಟಿಕೊಂಡಿತ್ತು. ಅಮೆರಿಕದವರು ಡ್ರಾಫ್ಟ್ಸ್ ಆಟವನ್ನು ಚೆಕರ್ಸ್ ಎನ್ನುವುದೂ, ಮೋಟಾರು ರೇಸಿನ ಕೊನೆಗೆ ಬೀಸುವ ಕಪ್ಪು-ಬಿಳುಪು ಬಾವುಟಕ್ಕೆ ಆ ಹೆಸರು ಇರುವುದೂ ಇದರಿಂದ.

ಬ್ಯಾಂಕಿನ ಚೆಕ್ಕು

ಖಜಾನೆಯ ಇನ್ನೊಂದು ಸಾಧನ ಟ್ಯಾಲಿ ಕೋಲು. ಶೆರಿಫ್ ಹಣ ಕಟ್ಟಿದಾಗ ರಸೀದಿಯಾಗಿ ಒಂದು ಕೋಲಿನ ಮೇಲೆ ಕಚ್ಚು ಹಾಕುತ್ತಿದ್ದರು. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನ ದಪ್ಪ, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಪೆನ್ನಿಗೆ ಮರ ಕೆತ್ತುವುದೇ ಇಲ್ಲ, ಬರಿಯ ಒಂದು ಗೀಟು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳುವುದು. ಕಚ್ಚುಗಳು ಎರಡೂ ಸೀಳುಗಳ ಮೇಲೆ ಇರುತ್ತವೆ. ಕಟ್ಟಿದವನಿಗೆ ಒಂದು, ಖಜಾನೆಗೆ ಒಂದು. ತನ್ನ ಸೀಳಿನ ಮೇಲೆ ಗುಟ್ಟಾಗಿ ಕಚ್ಚು ಹೆಚ್ಚಿಸಿಕೊಂಡರೆ ಮತ್ತೊಂದರ ಪಕ್ಕ ಇಟ್ಟೊಡನೆ ಮೋಸ ಬಯಲು. ‘ಲೆಕ್ಕ ಟ್ಯಾಲಿ ಆಗ್ತಿಲ್ಲ’ ಎಂದು ನಾವು ಹೇಳುವಾಗ ಬಳಸುವುದು ಈ ಪದವನ್ನೇ. ಇಂಗ್ಲೆಂಡಿನ ಖಜಾನೆ ಇವನ್ನು 1826ರವರೆಗೂ ಬಿಟ್ಟಿರಲಿಲ್ಲ. 1834ರ ಅಕ್ಟೋಬರ್ 16ರಂದು ಹಳೆಯ ಕೋಲುಗಳನ್ನು ಲಾರ್ಡ್ಸ್ ಸಭೆಯ ಕೆಳಗಿನ ಒಲೆಗಳಲ್ಲಿ ಉರಿಸಲು ಹೋಗಿ ಸಂಸತ್ ಭವನದ ಬಹುಭಾಗವೇ ಸುಟ್ಟುಹೋಯಿತು.

ಒಂದು ತುಂಡು ಕೊಟ್ಟು, ಜೋಡಿ ತುಂಡನ್ನು ತಾಳೆಗೆ ಇಟ್ಟುಕೊಳ್ಳುವ ಈ ಉಪಾಯವೇ ಬ್ಯಾಂಕಿನ ಕಾಗದದಲ್ಲೂ ಇದೆ. 1659ರಲ್ಲೇ ಲಂಡನ್ನಿನಲ್ಲಿ ಇಂಥವರಿಗೆ ಇಷ್ಟು ಕೊಡಿ ಎಂದು ಕೈಯಲ್ಲಿ ಬರೆದ ಚೀಟಿಗಳಿದ್ದವು, ಆದರೆ ಅವುಗಳ ಹೆಸರು ಚೆಕ್ ಅಲ್ಲ. 1700ರ ಆಸುಪಾಸಿನಲ್ಲಿ ‘ಚೆಕ್’ ಎಂದರೆ ಕೊಟ್ಟ ಕಾಗದಕ್ಕೆ ಜೋಡಿಯಾಗಿ ಉಳಿಸಿಕೊಳ್ಳುವ ತುಂಡು, ಇಂದು ನಾವು ಕೌಂಟರ್‌ಫಾಯಿಲ್ ಎನ್ನುವುದು. ಮೋಸಕ್ಕೆ ತಡೆ ಒಡ್ಡುವುದು ಆ ತುಂಡೇ ಆದ್ದರಿಂದ ಅದಕ್ಕೆ ಆ ಹೆಸರು. ಶತಮಾನ ಮುಗಿಯುವಷ್ಟರಲ್ಲಿ ಹೆಸರು ಉಳಿಸಿಕೊಂಡ ತುಂಡಿನಿಂದ ಕೊಟ್ಟ ಕಾಗದಕ್ಕೆ ದಾಟಿತು. ಇಂದಿನ ಚೆಕ್ ಪುಸ್ತಕದಲ್ಲಿ ಹರಿದು ಕೊಡುವುದು ಚೆಕ್ಕು. ಮೊದಲಿನ ಅರ್ಥದಲ್ಲಿ, ಪುಸ್ತಕದಲ್ಲೇ ಉಳಿಯುವುದು ಚೆಕ್ಕು.

ಕಾಗುಣಿತದ ಜಗಳವೂ ಇಲ್ಲೇ ಹುಟ್ಟಿತು. ಅಮೆರಿಕದವರು ‘ಸಿ-ಕೆ’ಯಲ್ಲಿ ಮುಗಿಯುವ ಹಳೆಯ, ಚಿಕ್ಕ ರೂಪವನ್ನೇ ಉಳಿಸಿಕೊಂಡರು. ಬ್ರಿಟನ್ನಿನಲ್ಲಿ ಎಕ್ಸ್‌ಚೆಕರ್ ಪದದ ಪ್ರಭಾವದಿಂದ ಕೊನೆಯಲ್ಲಿ ‘ಕ್ಯು-ಯು-ಇ’ ಬರುವ ಕಾಗುಣಿತ ಗೆದ್ದಿತು. ಬ್ಯಾಂಕರ್ ಜೇಮ್ಸ್ ವಿಲಿಯಂ ಗಿಲ್ಬಾರ್ಟ್ 1828ರಲ್ಲಿ ಈ ರೂಪವನ್ನು ಆರಿಸಿಕೊಂಡು, ಅರ್ಥ ಗೊಂದಲವಾಗುವುದಿಲ್ಲ, ಖಜಾನೆಯ ಹೆಸರಿಗೂ ಹೊಂದುತ್ತದೆ ಎಂದು ಎರಡು ಕಾರಣ ಕೊಟ್ಟಿದ್ದಾನೆ. ಮಣೆಯ ದಾರಿ ಕೂಗಿನ ದಾರಿಗೆ ಬಂದು ಸೇರುವುದು ಇಲ್ಲಿ: ಅರ್ಥ ಕೂಗಿನಿಂದ, ಕಾಗುಣಿತ ಮಣೆಯಿಂದ.

ಜೋಡಿ ತುಂಡಿನ ಅರ್ಥ ಗೊತ್ತಿದ್ದರೆ ಅಮೆರಿಕನ್ ಬಳಕೆಗಳು ಸಲೀಸು. ಕಾದಿಡಲು ಕೋಟು ಕೊಟ್ಟಾಗ ಸಿಗುವ ಬಿಲ್ಲೆ, ಸಾಮಾನಿಗೆ ಕಟ್ಟುವ ಚೀಟಿ, ಹೋಟೆಲಿನ ಬಿಲ್ಲು ಎಲ್ಲವೂ ಅಲ್ಲಿ ಚೆಕ್. ‘ರೈನ್ ಚೆಕ್’ ಎಂಬುದು ಬೇಸ್‌ಬಾಲಿನದು: ಮಳೆಯಿಂದ ಆಟ ನಿಂತರೆ ಟಿಕೆಟ್ಟಿನ ಉಳಿದ ತುಂಡು ತೋರಿಸಿ ಇನ್ನೊಂದು ದಿನ ಬರಬಹುದು. ಈಗ ಆಹ್ವಾನಕ್ಕೆ ‘ಈ ಸಲ ಬೇಡ, ಇನ್ನೊಮ್ಮೆ’ ಎನ್ನುವಾಗ ಅದನ್ನು ಬಳಸುತ್ತಾರೆ.

ಕನ್ನಡಕ್ಕೆ ತರುವಾಗ ಎಡವುವ ಕಡೆ

‘ಚೆಕ್’ ಎಂದರೆ ಪರಿಶೀಲನೆ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿರುವುದರಿಂದ ಅನುವಾದದಲ್ಲಿ ತಪ್ಪುಗಳಾಗುತ್ತವೆ. ಒಂದು ಸುಲಭ ಪರೀಕ್ಷೆ ಇದೆ: ಪದ ಇದ್ದಲ್ಲಿ ಮೊದಲು ‘ತಡೆ’ ಇಟ್ಟು ನೋಡಿ, ಹೊಂದದಿದ್ದರೆ ಮಾತ್ರ ‘ಪರಿಶೀಲನೆ’ಗೆ ಹೋಗಿ. ಚೆಕ್ ಡ್ಯಾಮ್ ನೀರನ್ನು ಪರಿಶೀಲಿಸುವುದಿಲ್ಲ, ಹರಿವಿನ ರಭಸವನ್ನು ತಡೆಯುತ್ತದೆ. ‘ತಡೆ ಅಣೆ’ ಎಂಬುದು ಸರಿಯಾದ ಕನ್ನಡ. ಪಂಪಿನ ಪೈಪಿಗೆ ಹಾಕುವ ಚೆಕ್ ವಾಲ್ವಿನದೂ ಇದೇ ಕಥೆ: ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ ಅದು, ‘ತಪಾಸಣಾ ಕವಾಟ’ ಎಂದು ಬರೆದರೆ ಓದಿದವನು ಅದಕ್ಕೆ ಮೀಟರು ಹುಡುಕುತ್ತಾನೆ. ಸಂವಿಧಾನದ ಚರ್ಚೆಯಲ್ಲಿ ಬರುವ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಎಂದರೆ ಒಂದು ಅಂಗದ ಅಧಿಕಾರಕ್ಕೆ ಇನ್ನೊಂದು ಅಂಗ ಹಾಕುವ ಕಡಿವಾಣ. ಅಲ್ಲಿ ‘ತಪಾಸಣೆ’ ಎಂದರೆ ಅರ್ಥವೇ ತಪ್ಪುತ್ತದೆ.

‘ಚೆಕರ್ಡ್’ ಬದುಕು ಎಂದರೆ ಮಣೆಯ ಕಪ್ಪು-ಬಿಳುಪು ಮನೆಗಳಂತೆ ಏಳುಬೀಳಿನ ಬದುಕು, ಪರಿಶೀಲಿಸಿದ ಬದುಕಲ್ಲ. ಚೆಕ್ ಗಣರಾಜ್ಯದ ‘ಚೆಕ್’ ಅಲ್ಲಿನ ಸ್ಲಾವ್ ಜನರ ಹೆಸರು, ಈ ಪದದ ಬಳಗಕ್ಕೆ ಸೇರಿದ್ದಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ‘ಅನ್‌ಚೆಕ್ಡ್’. ರೋಗವೋ ಭ್ರಷ್ಟಾಚಾರವೋ ಅನ್‌ಚೆಕ್ಡ್ ಆಗಿ ಹರಡಿತು ಎಂದರೆ ತಡೆಯಿಲ್ಲದೆ ಹರಡಿತು ಎಂದು. ವರದಿಯ ಅಂಕಿಅಂಶ ಅನ್‌ಚೆಕ್ಡ್ ಎಂದರೆ ಯಾರೂ ತಾಳೆ ನೋಡಿಲ್ಲ ಎಂದು. ಕಂಪ್ಯೂಟರಿನ ಪರದೆಯ ಮೇಲೆ ಚೌಕವೊಂದು ಅನ್‌ಚೆಕ್ಡ್ ಎಂದರೆ ಅದರಲ್ಲಿ ಟಿಕ್ ಗುರುತು ಇಲ್ಲ ಎಂದಷ್ಟೇ. ಬ್ರಿಟಿಷರು ಟಿಕ್ ಎನ್ನುವುದನ್ನು ಅಮೆರಿಕದವರು ಚೆಕ್ ಎನ್ನುತ್ತಾರೆ, ತಂತ್ರಾಂಶಗಳ ಭಾಷೆ ಹೆಚ್ಚಾಗಿ ಅವರದು. ಅಲ್ಲಿ ‘ಪರಿಶೀಲಿಸಬೇಡಿ’ ಎಂಬ ಅನುವಾದ ಓದುಗನ ದಾರಿ ತಪ್ಪಿಸುತ್ತದೆ. ‘ಟಿಕ್ ತೆಗೆಯಿರಿ’ ಎಂದು ಬರೆದರೆ ಆಯಿತು.